ಎನ್‌ಕ್ರಿಪ್ಟ್ ಆದ ಕಾಲಂನಲ್ಲಿ ಹುಡುಕೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ನೀವು ಸಿಂಧನೂರಿನಲ್ಲಿ ಮನೆಯಲ್ಲೇ ಕೂತು ಕ್ಲೌಡ್ ಸೆಕ್ಯುರಿಟಿ ಪರೀಕ್ಷೆಗೆ ಓದುತ್ತಿದ್ದೀರಿ. ಪ್ರಾಕ್ಟೀಸ್ ಪೇಪರ್‌ನಲ್ಲಿ ಒಂದು ಪ್ರಶ್ನೆ ಬಂತು: ಗ್ರಾಹಕರ ಗುರುತಿನ ಸಂಖ್ಯೆ ಕ್ಲೌಡ್ ಡೇಟಾಬೇಸ್‌ನಲ್ಲಿದೆ, ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಅದನ್ನು ನೋಡಬಾರದು, ಆದರೆ ಆಪ್ ಆ ಸಂಖ್ಯೆ ಕೊಟ್ಟು ಹುಡುಕಬೇಕು, ಏನು ಬಳಸಬೇಕು? ನೀವು ಟಿಡಿಇ (ಟ್ರಾನ್ಸ್‌ಪರೆಂಟ್ ಡೇಟಾ ಎನ್‌ಕ್ರಿಪ್ಶನ್) ಅಂತ ಟಿಕ್ ಮಾಡಿದಿರಿ. ಸರಿಯುತ್ತರ ‘ಆಲ್ವೇಸ್ ಎನ್‌ಕ್ರಿಪ್ಟೆಡ್, ಡಿಟರ್ಮಿನಿಸ್ಟಿಕ್’ ಅಂತಿದೆ. ಎನ್‌ಕ್ರಿಪ್ಟ್ ಆದಮೇಲೆ ಸರ್ವರ್ ಹುಡುಕೋದಾದರೂ ಹೇಗೆ ಅಂತ ಕೇಳಿದ್ದೀರಿ. ಲ್ಯಾಪ್‌ಟಾಪ್‌ನಲ್ಲಿ ಮಾಡಿ ನೋಡಿದಾಗ ‘ಆಪರೆಂಡ್ ಟೈಪ್ ಕ್ಲ್ಯಾಶ್’ ಎರರ್ ಯಾಕೆ ಬಂತು ಅಂತಲೂ ಕೇಳಿದ್ದೀರಿ.

ನಾನು ಬಳ್ಳಾರಿಯಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಡೆ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಇದು ನನ್ನ ದಿನದ ಕೆಲಸ, ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಎನ್‌ಕ್ರಿಪ್ಶನ್ ಅಂದ ಕೂಡಲೇ ಮೊದಲು ಕೇಳಬೇಕಾದ್ದು, ಯಾರಿಂದ ಬಚ್ಚಿಡಬೇಕು ಅಂತ. ಟಿಡಿಇ ಡಿಸ್ಕ್ ಮೇಲಿನ ಫೈಲನ್ನು ಮತ್ತು ಬ್ಯಾಕಪ್ ಅನ್ನು ಎನ್‌ಕ್ರಿಪ್ಟ್ ಮಾಡುತ್ತದೆ. ಯಾರಾದರೂ ಡಿಸ್ಕ್ ಅಥವಾ ಬ್ಯಾಕಪ್ ಫೈಲ್ ಕದ್ದರೆ ಅವರಿಗೆ ಏನೂ ಸಿಗಲ್ಲ. ಆದರೆ ಡಿಬಿಎ ಲಾಗಿನ್ ಆಗಿ ಕ್ವೆರಿ (ಡೇಟಾ ಕೇಳುವ ಆದೇಶ) ಹಾಕಿದರೆ ಎಲ್ಲ ಸಾಫ್ ಆಗಿ ಕಾಣುತ್ತದೆ, ಯಾಕಂದ್ರೆ ಸರ್ವರ್ ತಾನೇ ಬಿಡಿಸಿ ಮೆಮೊರಿಗೆ ತಂದುಕೊಳ್ಳುತ್ತದೆ. ಡೈನಾಮಿಕ್ ಡೇಟಾ ಮಾಸ್ಕಿಂಗ್ ಅಂತೂ ಎನ್‌ಕ್ರಿಪ್ಶನ್ನೇ ಅಲ್ಲ. ಅದು ಪರದೆ ಮೇಲೆ ಎಕ್ಸ್ ಎಕ್ಸ್ ತೋರಿಸುತ್ತದೆ ಅಷ್ಟೆ, ಡಿಬಿಎಗೆ ಅದೂ ಅಡ್ಡ ಬರಲ್ಲ. ಪ್ರಶ್ನೆಯಲ್ಲಿ ‘ಡಿಬಿಎ ನೋಡಬಾರದು’ ಅಂತ ಕಂಡರೆ ಇವೆರಡನ್ನೂ ಅಲ್ಲೇ ಹೊಡೆದುಹಾಕಿ.

ಇನ್ನು ಆಲ್ವೇಸ್ ಎನ್‌ಕ್ರಿಪ್ಟೆಡ್. ಇದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2016ರಲ್ಲಿ ಬಂತು. ಇಲ್ಲಿ ಎನ್‌ಕ್ರಿಪ್ಟ್ ಮಾಡುವುದೂ ಬಿಡಿಸುವುದೂ ಆಪ್ ಕಡೆ ಇರುವ ಡ್ರೈವರ್, ಅಂದರೆ ಆಪನ್ನು ಡೇಟಾಬೇಸ್‌ಗೆ ಜೋಡಿಸುವ ತಂತ್ರಾಂಶ. ಸರ್ವರ್ ಹತ್ತಿರ ಬಿಡಿಸುವ ಕೀ ಇರುವುದೇ ಇಲ್ಲ. ಎರಡು ಕೀ ಇರುತ್ತವೆ. ಡೇಟಾ ಮುಚ್ಚುವುದು ಕಾಲಂ ಎನ್‌ಕ್ರಿಪ್ಶನ್ ಕೀ. ಆ ಕೀಯನ್ನೇ ಮತ್ತೆ ಮುಚ್ಚುವುದು ಕಾಲಂ ಮಾಸ್ಟರ್ ಕೀ. ಮೊದಲನೆಯದು ಎನ್‌ಕ್ರಿಪ್ಟ್ ಆದ ರೂಪದಲ್ಲೇ ಡೇಟಾಬೇಸ್‌ನಲ್ಲಿ ಕೂತಿರುತ್ತದೆ. ಎರಡನೆಯದು ಹೊರಗೆ, ಅಝೂರ್ ಕೀ ವಾಲ್ಟ್‌ನಲ್ಲೋ ವಿಂಡೋಸ್ ಸರ್ಟಿಫಿಕೇಟ್ ಸ್ಟೋರ್‌ನಲ್ಲೋ ಇರುತ್ತದೆ. ಕೀ ನೋಡಿಕೊಳ್ಳುವವರು ಬೇರೆ, ಡೇಟಾಬೇಸ್ ನೋಡಿಕೊಳ್ಳುವವರು ಬೇರೆ ಇರಬೇಕು. ಇಬ್ಬರೂ ಒಬ್ಬರೇ ಆದರೆ ಇಷ್ಟೆಲ್ಲ ಮಾಡಿದ್ದು ಸುಮ್ನೆ ದಂಡ.

ಈಗ ನಿಮ್ಮ ಎರರ್‌ಗೆ ಬರೋಣ. ನೀವು ಕ್ವೆರಿಯಲ್ಲಿ ಷರತ್ತು ಹೇಳುವ ‘ವೇರ್’ ಆದಮೇಲೆ ಸಂಖ್ಯೆಯನ್ನು ನೇರವಾಗಿ ಕೋಟ್ಸ್ ಒಳಗೆ ಬರೆದಿದ್ದೀರಿ. ಆ ಸಾದಾ ಸಂಖ್ಯೆ ಹಾಗೇ ಸರ್ವರ್‌ಗೆ ಹೋಯಿತು. ಸರ್ವರ್ ಅದನ್ನು ಎನ್‌ಕ್ರಿಪ್ಟ್ ಆದ ಕಾಲಂ ಜೊತೆ ಹೋಲಿಸಲು ಆಗದೆ ಟೈಪ್ ಹೊಂದುತ್ತಿಲ್ಲ ಅಂತ ಹೇಳಿತು. ಸರಿಯಾದ ದಾರಿ ಪ್ಯಾರಾಮೀಟರ್, ಅಂದರೆ ಕ್ವೆರಿಯಲ್ಲಿ ಜಾಗ ಬಿಟ್ಟು ಸಂಖ್ಯೆಯನ್ನು ಬೇರೆಯಾಗಿ ಕೊಡುವುದು. ಕನೆಕ್ಷನ್‌ನಲ್ಲಿ ‘ಕಾಲಂ ಎನ್‌ಕ್ರಿಪ್ಶನ್ ಸೆಟ್ಟಿಂಗ್’ ಎನೇಬಲ್ ಮಾಡಿ, ಪ್ಯಾರಾಮೀಟರ್ ಮೂಲಕ ಬೆಲೆ (ಅಂದರೆ ವ್ಯಾಲ್ಯೂ, ದುಡ್ಡಿನ ಬೆಲೆಯಲ್ಲ) ಕೊಟ್ಟರೆ, ಡ್ರೈವರ್ ಮೊದಲು ಸರ್ವರನ್ನು ಕೇಳುತ್ತದೆ: ಈ ಪ್ಯಾರಾಮೀಟರ್ ಯಾವ ಕಾಲಂಗೆ, ಯಾವ ಕೀ, ಯಾವ ಬಗೆ? ಉತ್ತರ ಬಂದಮೇಲೆ ಮಾಸ್ಟರ್ ಕೀ ಬಳಸಿ ಕಾಲಂ ಕೀ ಬಿಡಿಸಿಕೊಂಡು, ಬೆಲೆಯನ್ನು ಎನ್‌ಕ್ರಿಪ್ಟ್ ಮಾಡಿ, ಆಮೇಲೆ ಕ್ವೆರಿ ಕಳಿಸುತ್ತದೆ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಮಾಡುತ್ತಿದ್ದರೆ ಆಲ್ವೇಸ್ ಎನ್‌ಕ್ರಿಪ್ಟೆಡ್‌ಗೆ ಪ್ಯಾರಾಮೀಟರೈಸೇಶನ್ ಆನ್ ಮಾಡಬೇಕು. ವೇರಿಯಬಲ್ ಡಿಕ್ಲೇರ್ ಮಾಡುವುದು, ಬೆಲೆ ಕೊಡುವುದು ಎರಡೂ ಒಂದೇ ಸ್ಟೇಟ್‌ಮೆಂಟ್‌ನಲ್ಲಿ ಇರಬೇಕು. ಟೈಪ್ ಕೂಡ ಕಾಲಂನದೇ ಇರಬೇಕು. ಕಾಲಂ ಕ್ಯಾರ್ 12 (12 ಅಕ್ಷರದ ಟೈಪ್) ಆಗಿದ್ದರೆ ವೇರಿಯಬಲ್ಲೂ ಕ್ಯಾರ್ 12. ವಾರ್‌ಕ್ಯಾರ್ 20 ಕೊಟ್ಟರೆ ಮತ್ತೆ ಅದೇ ಎರರ್.

ಹಾಗಾದರೆ ಸರ್ವರ್ ಹುಡುಕಿದ್ದು ಏನನ್ನು? ಡಿಟರ್ಮಿನಿಸ್ಟಿಕ್ ಅಂದರೆ ಒಂದೇ ಕೀ ಇರುವಾಗ ಒಂದೇ ಬೆಲೆಗೆ ಪ್ರತಿ ಸಲವೂ ಒಂದೇ ಎನ್‌ಕ್ರಿಪ್ಟ್ ರೂಪ ಬರುತ್ತದೆ. ಕ್ಯಾರ್ 12 ಕಾಲಂನಲ್ಲಿ ಒಂದು ಸಂಖ್ಯೆ ಹಾಕಿ, ಕೀ ಇಲ್ಲದ ಕನೆಕ್ಷನ್‌ನಿಂದ ನೋಡಿ. 65 ಬೈಟ್‌ನ ಉದ್ದ ಸರಮಾಲೆ ಕಾಣುತ್ತದೆ: ಒಂದು ವರ್ಷನ್ ಬೈಟ್, 32 ಬೈಟ್ ದೃಢೀಕರಣ, 16 ಬೈಟ್ ಐವಿ (ಎನ್‌ಕ್ರಿಪ್ಶನ್ ಶುರುಮಾಡುವ ಬೆಲೆ), 16 ಬೈಟ್ ಡೇಟಾ. ಅದೇ ಸಂಖ್ಯೆಯನ್ನು ಇನ್ನೊಂದು ಸಾಲಿನಲ್ಲಿ ಹಾಕಿದರೆ ಅಕ್ಷರ ಬಿಡದೆ ಅದೇ 65 ಬೈಟ್. ಇಲ್ಲಿ ಐವಿಯನ್ನು ಆ ಬೆಲೆಯಿಂದಲೇ ಎಚ್‌ಮ್ಯಾಕ್ (ಗುಟ್ಟಿನ ಕೀ ಸೇರಿಸಿ ಹಾಕುವ ಲೆಕ್ಕ) ಹಾಕಿ ತೆಗೆಯುತ್ತಾರೆ, ಅದಕ್ಕೇ ಹೀಗೆ. ಸರ್ವರ್ ಮಾಡುವುದು ಬೈಟ್‌ಗೆ ಬೈಟ್ ಹೋಲಿಕೆ ಮಾತ್ರ. ಹಾಗಾಗಿ ಸಮಾನವೇ ಅಂತ ನೋಡುವುದು, ಜಾಯಿನ್ (ಟೇಬಲ್‌ಗಳನ್ನು ಜೋಡಿಸುವುದು), ಗ್ರೂಪ್ ಬೈ (ಒಂದೇ ಬೆಲೆಯವನ್ನು ಗುಂಪು ಮಾಡುವುದು), ಇಂಡೆಕ್ಸ್ ಇವೆಲ್ಲ ನಡೆಯುತ್ತವೆ. ಲೈಕ್ (ಬೆಲೆಯ ಒಂದು ಭಾಗ ಕೊಟ್ಟು ಹುಡುಕುವುದು), ದೊಡ್ಡದು-ಚಿಕ್ಕದು, ಆರ್ಡರ್ ಬೈ (ಕ್ರಮವಾಗಿ ಜೋಡಿಸುವುದು) ನಡೆಯಲ್ಲ. ರ‍್ಯಾಂಡಮೈಸ್ಡ್‌ನಲ್ಲಿ ಪ್ರತಿ ಸಲ ಬೇರೆ ರೂಪ ಬರುತ್ತದೆ. ಅದಕ್ಕೆ ಸರ್ವರ್ ಕಡೆ ಯಾವ ಹೋಲಿಕೆಯೂ ಇಲ್ಲ. ಅಂದಹಾಗೆ, ಡಿಟರ್ಮಿನಿಸ್ಟಿಕ್ ಅಕ್ಷರ ಕಾಲಂಗೆ ಬಿನ್2 ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ಬೇಕು. ಇದನ್ನೂ ಕೇಳುತ್ತಾರೆ.

ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಡಿಟರ್ಮಿನಿಸ್ಟಿಕ್ ಅನ್ನು ಎಲ್ಲೆಂದರಲ್ಲಿ ಬಳಸುವುದು ನನಗೆ ಬಹಳ ಚಿಂತೆ ತರುವ ವಿಷಯ. ಒಂದೇ ಬೆಲೆಗೆ ಒಂದೇ ರೂಪ ಅಂದಮೇಲೆ ಎಣಿಸಬಹುದು ಅಲ್ವಾ? ನಮ್ಮ ಜಿಲ್ಲೆಯನ್ನೇ ನೋಡಿ. 2021ರಲ್ಲಿ ವಿಜಯನಗರ ಬೇರೆಯಾದ ಮೇಲೆ ಬಳ್ಳಾರಿ, ಸಂಡೂರು, ಸಿರುಗುಪ್ಪ, ಕಂಪ್ಲಿ, ಕುರುಗೋಡು ಅಂತ ಐದು ತಾಲ್ಲೂಕು ಉಳಿದವು. ರೋಗಿಗಳ ಟೇಬಲ್‌ನಲ್ಲಿ ತಾಲ್ಲೂಕಿನ ಕಾಲಂ ಎನ್‌ಕ್ರಿಪ್ಟ್ ಮಾಡಿದ್ದೀರಿ ಅಂದುಕೊಳ್ಳಿ. ಕೀ ಇಲ್ಲದ ಡಿಬಿಎ ಒಂದು ಗ್ರೂಪ್ ಬೈ ಹಾಕಿದರೆ ಐದು ಸರಮಾಲೆ, ಐದು ಎಣಿಕೆ. ಬಳ್ಳಾರಿ ನಗರದ ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಸರಮಾಲೆ ಯಾವ ತಾಲ್ಲೂಕಿನದು ಅಂತ ಹೇಳಲು ಕೀ ಯಾಕೆ ಬೇಕು? ರಕ್ತದ ಗುಂಪು, ಲಿಂಗ, ಕಾಯಿಲೆಯ ಕೋಡ್ ಎಲ್ಲದಕ್ಕೂ ಇದೇ ಗತಿ. ಹೆಸರು ಕೂಡ. ಕೊಪ್ಪಳ ಕಡೆ ಹುಲಿಗೆಮ್ಮ ಅನ್ನುವ ಹೆಸರು ಎಷ್ಟು ಮನೆಯಲ್ಲಿದೆ ಅಂತ ನಿಮಗೇ ಗೊತ್ತು. 2015ರಲ್ಲಿ ನವೀದ್, ಕಮರಾ, ರೈಟ್ ಅನ್ನುವ ಮೂವರು ಸಂಶೋಧಕರು ಅಮೆರಿಕದ ಆಸ್ಪತ್ರೆಗಳ ನಿಜವಾದ ಡೇಟಾ ಇಟ್ಟುಕೊಂಡು ಇದನ್ನೇ ತೋರಿಸಿದರು. ಈ ಬಗೆಯ ಎನ್‌ಕ್ರಿಪ್ಶನ್‌ನಿಂದ ರೋಗಿಗಳ ವಿವರವನ್ನು ಬರೀ ಎಣಿಕೆಯ ಬಲದಿಂದ ಹೊರತೆಗೆದರು.

ಆದ್ದರಿಂದ ಆಧಾರ್, ಮೊಬೈಲ್ ಸಂಖ್ಯೆಯಂತೆ ಒಬ್ಬೊಬ್ಬರಿಗೆ ಒಂದೊಂದು ಇರುವ ಬೆಲೆಗೆ ಡಿಟರ್ಮಿನಿಸ್ಟಿಕ್ ನಡೆಯುತ್ತದೆ. ನಾಲ್ಕೈದು ಬೆಲೆ ಮಾತ್ರ ಇರುವ ಕಾಲಂಗೆ ರ‍್ಯಾಂಡಮೈಸ್ಡ್ ಇಡಿ, ಸರ್ವರ್‌ನಲ್ಲಿ ಅದರ ಮೇಲೆ ಹುಡುಕುವ ಆಸೆ ಬಿಡಿ.

ಎನ್‌ಕ್ರಿಪ್ಟ್ ಯಾಕೆ, ಹ್ಯಾಶ್ (ಬೆಲೆಯಿಂದ ಲೆಕ್ಕ ಹಾಕಿ ತೆಗೆಯುವ, ಹಿಂದಕ್ಕೆ ಬಿಡಿಸಲಾಗದ ಗುರುತು) ಇಟ್ಟುಕೊಂಡು ಹುಡುಕಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಕೀ ಇಲ್ಲದ ಬರೀ ಎಸ್‌ಎಚ್‌ಎ-256 ಹ್ಯಾಶ್ ಬೇಡವೇ ಬೇಡ. ಆಧಾರ್‌ನ ಮೊದಲ ಅಂಕಿ 0 ಅಥವಾ 1 ಆಗಿರುವುದಿಲ್ಲ. ಕೊನೆಯದು ಉಳಿದವುಗಳಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಅಲ್ಲಿಗೆ ಸಾಧ್ಯವಿರುವ ಸಂಖ್ಯೆ ಒಟ್ಟು 8,000 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಹ್ಯಾಶ್ ಹಾಕುತ್ತದೆ, ಹಾಗಾಗಿ ಎಲ್ಲವನ್ನೂ ಹಾಕಿ ನೋಡುವುದು ಹೆಚ್ಚೆಂದರೆ ಒಂದೆರಡು ನಿಮಿಷದ ಕೆಲಸ. ಮೊಬೈಲ್ ಸಂಖ್ಯೆ ಇನ್ನೂ ಸುಲಭ. ಹ್ಯಾಶ್ ಬೇಕೇ ಬೇಕಾದರೆ ಗುಟ್ಟಿನ ಕೀ ಹಾಕಿ ಎಚ್‌ಮ್ಯಾಕ್ ಮಾಡಿ. ಇದಕ್ಕೆ ಬ್ಲೈಂಡ್ ಇಂಡೆಕ್ಸ್ ಅನ್ನುತ್ತಾರೆ. ಅಮೆಜಾನ್‌ನ ಡೇಟಾಬೇಸ್ ಎನ್‌ಕ್ರಿಪ್ಶನ್ ಎಸ್‌ಡಿಕೆಯಲ್ಲಿ ಬೀಕನ್ ಅನ್ನುವುದೂ ಇದರ ಸಂಬಂಧಿಯೇ. ಅಲ್ಲಿ ಎಚ್‌ಮ್ಯಾಕ್ ಅನ್ನು ಬೇಕಂತಲೇ ಕತ್ತರಿಸಿ ಚಿಕ್ಕದು ಮಾಡುತ್ತಾರೆ. ಆಗ ಬೇರೆ ಬೇರೆ ಬೆಲೆಗೆ ಒಂದೇ ಬೀಕನ್ ಬೀಳುತ್ತದೆ, ಹೊರಗಿನವರ ಎಣಿಕೆ ಮಸುಕಾಗುತ್ತದೆ. ಜಾಸ್ತಿ ಬಂದ ಸಾಲುಗಳನ್ನು ಆಪ್ ಕಡೆ ಬಿಡಿಸಿ ಸೋಸಿಕೊಳ್ಳುತ್ತಾರೆ. ನನಗೆ ಈ ವಿಧಾನ ತುಂಬಾ ಇಷ್ಟ.

ನಿಜವಾದ ಕೆಲಸದಲ್ಲಿ ಕಷ್ಟ ಬರುವುದು ರಿಜಿಸ್ಟ್ರೇಷನ್ ಕೌಂಟರ್‌ನಲ್ಲಿ. ಹಳ್ಳಿಯಿಂದ ಬಂದ ಅಜ್ಜಿ ಚೀಟಿ ತಂದಿರುವುದಿಲ್ಲ. ಮೊಬೈಲ್ ಮಗನದು, ಅದರ ಕೊನೆಯ ನಾಲ್ಕು ಅಂಕಿ ಮಾತ್ರ ನೆನಪು. ಕೌಂಟರ್‌ನವರು ಅದರಿಂದಲೇ ಹುಡುಕಬೇಕು. ಲೈಕ್ ನಡೆಯಲ್ಲ ಅಂತ ಮೇಲೆ ಹೇಳಿದೆ. ಅದಕ್ಕೆ ಕೊನೆಯ ನಾಲ್ಕು ಅಂಕಿಗೇ ಬೇರೆ ಕಾಲಂ ಮಾಡಿ, ಅದಕ್ಕೊಂದು ಬೇರೆ ಕೀ ಇಟ್ಟು ಎಚ್‌ಮ್ಯಾಕ್ ಹಾಕುತ್ತೇವೆ. ಇರುವುದೇ ಹತ್ತು ಸಾವಿರ ಬೆಲೆ, ಒಂದೊಂದಕ್ಕೂ ಹಲವು ಜನ ಬೀಳುತ್ತಾರೆ, ಹೆಸರು ಕೇಳಿ ಆರಿಸಿಕೊಳ್ಳುತ್ತಾರೆ. ಇನ್ನೊಂದು ಮಾತು: ಎನ್‌ಕ್ರಿಪ್ಟ್ ಮಾಡುವ ಮೊದಲೇ ಬೆಲೆಯನ್ನು ಒಂದೇ ಅಚ್ಚಿಗೆ ತನ್ನಿ. ಒಬ್ಬರು ಮುಂದೆ 91 ಹಾಕುತ್ತಾರೆ, ಒಬ್ಬರು ಸೊನ್ನೆ, ಒಬ್ಬರು ನಡುವೆ ಜಾಗ ಬಿಡುತ್ತಾರೆ. ಹುಲಿಗೆಮ್ಮ, ಹುಲಿಗಮ್ಮ, ಹುಲ್ಗೆಮ್ಮ ಅಂತ ಮೂರು ಥರ ಟೈಪ್ ಆಗುತ್ತದೆ. ಸಾದಾ ಕಾಲಂ ಆದರೆ ಆಮೇಲೆ ಸರಿಮಾಡಬಹುದು. ಎನ್‌ಕ್ರಿಪ್ಟ್ ಆದಮೇಲೆ ಇವು ಸರ್ವರ್ ಕಣ್ಣಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಬೈಟ್‌ಗಳು.

ಆಧಾರ್ ಬಗ್ಗೆ ಇನ್ನೊಂದು ವಿಷಯ ಪೇಪರ್‌ನಲ್ಲಿ ಬರಲ್ಲ, ಕೆಲಸದಲ್ಲಿ ಬರುತ್ತದೆ. ಆಧಾರ್ ಸಂಖ್ಯೆ ಇಟ್ಟುಕೊಳ್ಳುವ ಸಂಸ್ಥೆಗಳು ಅದನ್ನು ಬೇರೆಯೇ ಆಧಾರ್ ಡೇಟಾ ವಾಲ್ಟ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿ ಇಡಬೇಕು, ಉಳಿದ ಕಡೆ ರೆಫರೆನ್ಸ್ ಕೀ (ಆಧಾರ್ ಬದಲಿಗೆ ಇಡುವ ಗುರುತು) ಮಾತ್ರ ಬಳಸಬೇಕು ಅಂತ ಆಧಾರ್ ಕೊಡುವ ಪ್ರಾಧಿಕಾರ ಯುಐಡಿಎಐ 2017ರಲ್ಲೇ ಹೇಳಿದೆ. ರೋಗಿಗಳ ಟೇಬಲ್‌ನಲ್ಲಿ ಆಧಾರ್ ಕಾಲಂ ಕಂಡರೆ ಅಲ್ಲೇ ನಿಂತು ಪ್ರಶ್ನೆ ಕೇಳಿ.

ಲೈಕ್ ಮತ್ತು ದೊಡ್ಡದು-ಚಿಕ್ಕದು ಬೇಕೇ ಬೇಕು ಅಂತ ಪ್ರಶ್ನೆಯಲ್ಲಿದ್ದರೆ ಉತ್ತರ ಸೆಕ್ಯೂರ್ ಎನ್‌ಕ್ಲೇವ್. ಇದು ಎಸ್‌ಕ್ಯೂಎಲ್ ಸರ್ವರ್ 2019ರಲ್ಲಿ ಆಲ್ವೇಸ್ ಎನ್‌ಕ್ರಿಪ್ಟೆಡ್‌ಗೆ ಸೇರಿತು. ಸರ್ವರ್‌ನಲ್ಲೇ ಬೇರೆಯಾಗಿ ಕಾಪಾಡಿದ ಮೆಮೊರಿಯೊಳಗೆ ಡೇಟಾ ಬಿಡಿಸಿ ಹೋಲಿಸುತ್ತದೆ, ಆ ಜಾಗ ಡಿಬಿಎಗೆ ಕಾಣಲ್ಲ. ಮಾಂಗೋಡಿಬಿ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಕ್ವೆರಿಯಬಲ್ ಎನ್‌ಕ್ರಿಪ್ಶನ್ ಇದೆ. 2023ರ 7.0ರಲ್ಲಿ ಸಮಾನತೆಯ ಹುಡುಕಾಟ, 2024ರ 8.0ರಲ್ಲಿ ರೇಂಜ್ (ಇಷ್ಟರಿಂದ ಇಷ್ಟರವರೆಗೆ ಅಂತ ಹುಡುಕುವುದು) ಬಂತು. ಅಲ್ಲಿ ಡೇಟಾ ರ‍್ಯಾಂಡಮ್ ಆಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ.

ಅಭ್ಯಾಸಕ್ಕೆ ಕ್ಲೌಡ್ ಬಿಲ್ ಕಟ್ಟಬೇಕಿಲ್ಲ. ಎಸ್‌ಕ್ಯೂಎಲ್ ಸರ್ವರ್ ಡೆವಲಪರ್ ಎಡಿಶನ್ ಉಚಿತ, ಮಾಸ್ಟರ್ ಕೀಯನ್ನು ವಿಂಡೋಸ್ ಸರ್ಟಿಫಿಕೇಟ್ ಸ್ಟೋರ್‌ನಲ್ಲೇ ಇಡಬಹುದು. ಒಂದು ಟೇಬಲ್‌ನಲ್ಲಿ ಎರಡು ಕಾಲಂ ಮಾಡಿ, ಒಂದು ಡಿಟರ್ಮಿನಿಸ್ಟಿಕ್, ಒಂದು ರ‍್ಯಾಂಡಮೈಸ್ಡ್. ಒಂದೇ ಸಂಖ್ಯೆಯನ್ನು ನಾಲ್ಕು ಸಾಲಿನಲ್ಲಿ ಹಾಕಿ. ಕೀ ಇರುವ ಕನೆಕ್ಷನ್‌ನಿಂದ, ಕೀ ಇಲ್ಲದ ಕನೆಕ್ಷನ್‌ನಿಂದ ಎರಡೂ ಸಲ ನೋಡಿ. ಆಮೇಲೆ ಸರ್ಟಿಫಿಕೇಟನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಸ್ಟೋರ್‌ನಿಂದ ಅಳಿಸಿ, ಹೊಸದಾಗಿ ಕನೆಕ್ಟ್ ಆಗಿ ಅದೇ ಕ್ವೆರಿ ಹಾಕಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎರರ್ ಮೆಸೇಜನ್ನು ಪೂರ್ತಿ ಹಾಕಿ ಕೇಳಿ. ಕಾಲಂನ ಟೈಪ್, ಕೊಲೇಶನ್ ಎರಡನ್ನೂ ಜೊತೆಗೆ ಬರೆಯಿರಿ.