ನಟನೆ ಬೇಡ, ನಾಟಕ ಬೇಕು

ಪ್ರಶ್ನೆ: ಹಾಸನದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ನಾಟಕ ಅಂದ್ರೆ ಪ್ರಾಣ, ಆದರೆ ಜನರ ಮುಂದೆ ನಿಂತರೆ ಬಾಯಿ ಒಣಗುತ್ತದೆ. ಇಲ್ಲಿನ ಒಂದು ತಂಡಕ್ಕೆ ಹೋಗಿದ್ದೆ. ‘ಪಾರ್ಟು ಬೇಡ ಅಂದ್ರೆ ಟೀ ಕೊಡು ಬಾ’ ಅಂತ ನಕ್ಕರು. ನಟಿಸದೆ ನಾಟಕದಲ್ಲಿ ಇರೋಕಾಗಲ್ವಾ?
– ಓದುಗಿ, ಹಾಸನ

ಉತ್ತರ: ಟೀ ಕೊಡೋದೂ ಕೆಲಸವೇ ಕಣಮ್ಮಾ. ಆದರೆ ನಕ್ಕವರ ತಂಡದಲ್ಲಿ ರಂಗ ನಿರ್ವಹಣೆ, ಅಂದ್ರೆ ಪರದೆ ಹಿಂದಿನ ಉಸ್ತುವಾರಿ, ಯಾರದು ಅಂತ ಒಮ್ಮೆ ಕೇಳಿ ನೋಡು. ನಮ್ಮ ಕಡೆಯ ಹವ್ಯಾಸಿ ತಂಡಗಳಲ್ಲಿ ಎಷ್ಟೋ ಸಲ ಆ ಕೆಲಸಕ್ಕೆ ಅಂತ ಯಾರೂ ಇರುವುದಿಲ್ಲ. ನಿರ್ದೇಶಕರೇ ಒಂದು ಕೈಯಲ್ಲಿ ಸ್ಕ್ರಿಪ್ಟು, ಇನ್ನೊಂದರಲ್ಲಿ ಟಾರ್ಚು ಹಿಡಿದು ಸೈಡ್ ವಿಂಗಿನಲ್ಲಿ ಒದ್ದಾಡುತ್ತಿರುತ್ತಾರೆ. ಆ ಜಾಗಕ್ಕೆ ನೀನು ಹೋಗು.

ಯಾವ ಮಾತಿಗೆ ಬೆಳಕು ಇಳಿಯಬೇಕು, ಯಾವ ಮಾತಿಗೆ ಗುಡುಗು, ಯಾರು ಯಾವ ಕಡೆಯಿಂದ ಬರಬೇಕು, ಎಲ್ಲವನ್ನೂ ಸ್ಕ್ರಿಪ್ಟಿನ ಅಂಚಿನಲ್ಲಿ ಬರೆದುಕೋ. ಪೆನ್ಸಿಲ್‌ನಲ್ಲೇ ಬರಿ, ಯಾಕಂದ್ರೆ ನಿರ್ದೇಶಕರು ಶೋ ದಿನ ಮಧ್ಯಾಹ್ನದವರೆಗೂ ಬದಲಾಯಿಸುತ್ತಲೇ ಇರುತ್ತಾರೆ. ಕತ್ತಲಲ್ಲಿ ಕುರ್ಚಿ ಎಲ್ಲಿಡಬೇಕು ಅಂತ ನೆಲಕ್ಕೆ ಟೇಪಿನ ಗುರುತು ಹಾಕು. ಇನ್ನು ಪರಿಕರದ ಮೇಜು. ಅದರ ಮೇಲೆ ಬಿಳಿ ಹಾಳೆ ಹಾಸಿ ಕೋಲು, ಲಾಟೀನು, ಪತ್ರ ಒಂದೊಂದನ್ನೇ ಇಟ್ಟು ಸುತ್ತ ಮಾರ್ಕರ್‌ನಿಂದ ಗೆರೆ ಎಳೆದು ಹೆಸರು ಬರಿ. ಗೆರೆಯೊಳಗೆ ಖಾಲಿ ಕಂಡರೆ ಆ ಸಾಮಾನು ವಾಪಸ್ ಬಂದಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಒಂದು ಶೋನಲ್ಲಿ, ಕಥಾನಾಯಕನಿಗೆ ಅಪ್ಪನ ಸಾವಿನ ಸುದ್ದಿ ತರುವ ಪತ್ರ ಗ್ರೀನ್ ರೂಮಿನಲ್ಲೇ ಉಳಿದುಬಿಟ್ಟಿತ್ತು. ನಟ ಜೇಬಿನಲ್ಲಿ ಸಿಕ್ಕ ಬಸ್ ಟಿಕೆಟ್ ಹಿಡಿದುಕೊಂಡು, ಇಡೀ ಪತ್ರ ಓದಿ, ಅತ್ತೂಬಿಟ್ಟ. ಜನ ಚಪ್ಪಾಳೆ ತಟ್ಟಿದರು, ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ದುಡ್ಡು? ಹವ್ಯಾಸಿ ತಂಡದಲ್ಲಿ ಹೆಚ್ಚು ಕೇಳಬೇಡ. ಬೆಳಕು, ಧ್ವನಿ, ಪ್ರಸಾಧನ ಕಲಿತವರಿಗೆ ಬೇರೆ ಬೇರೆ ತಂಡಗಳಿಂದ ಕರೆ ಬರುತ್ತದೆ, ಅಲ್ಲಿ ಒಂದಿಷ್ಟು ಸಂಪಾದನೆ ಇದೆ. ಸರಿಯಾಗಿ ಕಲಿಯಬೇಕು ಅನಿಸಿದರೆ ಸಾಗರದ ಪಕ್ಕದ ಹೆಗ್ಗೋಡಿದೆ. ಅಲ್ಲಿ ಕೆ.ವಿ. ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಂ 1980ರಲ್ಲಿ ಶುರುಮಾಡಿದ ರಂಗಶಿಕ್ಷಣ ಕೇಂದ್ರದಲ್ಲಿ ನಟನೆ ಜೊತೆಗೆ ನೇಪಥ್ಯದ ಕೆಲಸವನ್ನೂ ಕಲಿಸುತ್ತಾರೆ. ಮೊದಲು ಡಿಗ್ರಿ ಮುಗಿಸು. ನಾಟಕದ ಲೆಕ್ಕಪತ್ರ ಬರೆಯೋಕೂ ಬಿ.ಕಾಂ. ಬೇಕು, ಸುಮ್ನೆ ಹೇಳುತ್ತಿಲ್ಲ!

ಪ್ರಶ್ನೆ: ಹಬ್ಬಕ್ಕೆ ನಮ್ಮೂರಲ್ಲಿ ‘ಕುರುಕ್ಷೇತ್ರ’ ಆಡುತ್ತಿದ್ದೇವೆ. ಪರದೆ, ಡ್ರೆಸ್ಸು, ಮೇಕಪ್ಪು, ಲೈಟು ಎಲ್ಲಾ ಬಾಡಿಗೆಗೆ ಕೊಡುವ ಡ್ರಾಮಾ ಸೀನರಿಯವರದ್ದೇ. ಊರಿನವರು ನೋಡಿಕೊಳ್ಳಬೇಕಾದ್ದು ಏನಾದರೂ ಇದೆಯಾ?
– ಓದುಗ, ಅರಸೀಕೆರೆ ತಾಲ್ಲೂಕು

ಉತ್ತರ: ಕರೆಂಟು ಸ್ವಾಮಿ, ಕರೆಂಟು! ಹಳೇ ಹ್ಯಾಲೊಜೆನ್ ಲೈಟು ಒಂದೊಂದೂ 1000 ವಾಟ್ ಇರುತ್ತದೆ. ಹತ್ತು ಹೊತ್ತಿಸಿದರೆ 40 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಪಕ್ಕದ ಮನೆಯಿಂದ ಒಂದು ವೈರು ಎಳೆದುಕೊಂಡರೆ ದುರ್ಯೋಧನ ಬರುವ ಹೊತ್ತಿಗೆ ಫ್ಯೂಸು ಹೋಗಿರುತ್ತದೆ. ಫ್ಯೂಸು ಹೋದರೆ ಪುಣ್ಯ, ವೈರು ಬಿಸಿಯಾಗಿ ಪರದೆಗೆ ಬೆಂಕಿ ತಗುಲಿದರೆ ಏನು ಗತಿ? ಎಷ್ಟು ಲೈಟು ತರುತ್ತಾರೆ ಅಂತ ಮೊದಲೇ ಕೇಳಿ ಲೈನ್‌ಮನ್‌ಗೆ ತಿಳಿಸಿ, ಇಲ್ಲವೇ ಜನರೇಟರ್ ತರಿಸಿ. ಎಲ್‌ಇಡಿ ಲೈಟಾದರೆ ಹೊರೆ ತುಂಬಾ ಕಮ್ಮಿ.

ಇನ್ನೊಂದು ಬಣ್ಣದ ವಿಷಯ. ಹಿಂದೆ ಮುಖಕ್ಕೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಅನ್ನೋ ಖನಿಜದ ಪುಡಿ ಹಚ್ಚುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಯಾರಾದರೂ ಹಳೇ ಡಬ್ಬಿ ತೆಗೆದರೆ ಮುಲಾಜಿಲ್ಲದೆ ಬೇಡ ಅನ್ನಿ.

ಪ್ರಶ್ನೆ: ಪರದೆ ಹಿಂದೆ ನಿಂತು ಮಾತು ಹೇಳಿಕೊಡುವುದು ತಪ್ಪಾ?
– ಓದುಗ, ಚಿಕ್ಕಮಗಳೂರು

ಉತ್ತರ: ತಪ್ಪೇನಲ್ಲ. ಮೈಕಿನಿಂದ ದೂರ ನಿಲ್ಲಿ. ಇಲ್ಲದಿದ್ದರೆ ಭೀಮನ ಮಾತು ಎರಡೆರಡು ಸಲ ಕೇಳಿಸುತ್ತದೆ, ಮೊದಲು ನಿಮ್ಮ ದನಿಯಲ್ಲಿ!