88ರಲ್ಲಿ 44: ತುರಿಂಗಿಯಾದಲ್ಲಿ ಸರ್ಕಾರ ರಚನೆಯಾದ ಬಗೆ

ಪ್ರಶ್ನೆ: ಜರ್ಮನಿಯ ತುರಿಂಗಿಯಾ ರಾಜ್ಯದಲ್ಲಿ 2024ರ ಸೆಪ್ಟೆಂಬರ್ 1ರಂದು ನಡೆದ ಚುನಾವಣೆಯಲ್ಲಿ ಬಲಪಂಥೀಯ ಪಕ್ಷ ಎಎಫ್‌ಡಿ ಮೊದಲ ಸ್ಥಾನ ಪಡೆಯಿತು. ಆದರೆ ಮುಖ್ಯಮಂತ್ರಿಯಾದವರು ಎರಡನೆಯ ಸ್ಥಾನ ಗಳಿಸಿದ, ಸಂಪ್ರದಾಯವಾದಿ ಸಿಡಿಯು ಪಕ್ಷದ ಮಾರಿಯೊ ಫೋಗ್ಟ್. ಅವರ ಮೈತ್ರಿಕೂಟಕ್ಕೂ ಬಹುಮತವಿಲ್ಲವೆಂದು ಓದಿದೆ. ದೊಡ್ಡ ಪಕ್ಷವನ್ನು ಮೊದಲು ಕರೆಯಬೇಕೆಂಬ ನಿಯಮ ಅಲ್ಲಿಲ್ಲವೇ? ಬಹುಮತವಿಲ್ಲದ ಸರ್ಕಾರ ನಿಲ್ಲುವುದಾದರೂ ಹೇಗೆ?
– ಓದುಗರು, ಶಿರಸಿ

ಉತ್ತರ: ಅಲ್ಲಿ ಕರೆಯುವವರೇ ಇಲ್ಲ. ಜರ್ಮನಿಯ ರಾಜ್ಯಗಳಲ್ಲಿ ರಾಜ್ಯಪಾಲರ ಹುದ್ದೆ ಇಲ್ಲವಾದ್ದರಿಂದ, ಯಾರನ್ನು ಮೊದಲು ಆಹ್ವಾನಿಸಬೇಕು, ಎಷ್ಟು ದಿನಗಳೊಳಗೆ ಬಹುಮತ ಸಾಬೀತುಪಡಿಸಬೇಕು ಎಂಬ, ನಮಗೆ ಚಿರಪರಿಚಿತವಾದ ಜಗ್ಗಾಟ ಹುಟ್ಟುವುದಿಲ್ಲ. ರಾಜ್ಯದ ರಾಜಧಾನಿ ಎರ್‌ಫುರ್ಟ್‌ನಲ್ಲಿರುವ ವಿಧಾನಸಭೆಯೇ ಗುಪ್ತ ಮತದಾನದ ಮೂಲಕ ಮುಖ್ಯಮಂತ್ರಿಯನ್ನು ಆರಿಸುತ್ತದೆ. ಅಲ್ಲಿಯವರೆಗೆ ಹಿಂದಿನವರು ಹಂಗಾಮಿಯಾಗಿ ಮುಂದುವರಿಯುತ್ತಾರೆ. ‘ಎಡಪಕ್ಷ’ (ಡಿ ಲಿಂಕೆ) ಎಂಬ ಹೆಸರಿನ ಪಕ್ಷದ ಬೋಡೊ ರಾಮೆಲೋ ಹೀಗೆ ಡಿಸೆಂಬರ್ 12ರವರೆಗೂ ಅಧಿಕಾರದಲ್ಲಿದ್ದರು.

88 ಸದಸ್ಯರ ಸಭೆಯಲ್ಲಿ ಎಎಫ್‌ಡಿಗೆ 32, ಸಿಡಿಯುಗೆ 23, ಸಾರಾ ವಾಗನ್‌ಕ್ನೆಕ್ಟ್ ಅವರ ಹೊಸ ಪಕ್ಷ ಬಿಎಸ್‌ಡಬ್ಲ್ಯೂಗೆ 15, ಎಡಪಕ್ಷಕ್ಕೆ 12, ಸೋಶಿಯಲ್ ಡೆಮೊಕ್ರಾಟರ ಪಕ್ಷ ಎಸ್‌ಪಿಡಿಗೆ 6 ಸ್ಥಾನಗಳು ಬಂದವು. ಬ್ಯೋರ್ನ್ ಹೋಕೆ ನೇತೃತ್ವದ ಎಎಫ್‌ಡಿ ರಾಜ್ಯ ಘಟಕವನ್ನು ರಾಜ್ಯದ ಆಂತರಿಕ ಗುಪ್ತಚರ ಸಂಸ್ಥೆಯಾದ ಸಂವಿಧಾನ ಸಂರಕ್ಷಣಾ ಇಲಾಖೆಯು 2021ರಲ್ಲಿಯೇ ಬಲಪಂಥೀಯ ಉಗ್ರವಾದಿ ಸಂಘಟನೆಯೆಂದು ವರ್ಗೀಕರಿಸಿದೆ. ಅದರೊಡನೆ ಕೈಜೋಡಿಸಲು ಉಳಿದ ನಾಲ್ಕೂ ಪಕ್ಷಗಳು ಒಪ್ಪಲಿಲ್ಲ. ಇತ್ತ ಎಡಪಕ್ಷದೊಡನೆಯೂ ಮೈತ್ರಿ ಸಲ್ಲದೆಂದು 2018ರಲ್ಲಿ ಸಿಡಿಯು ತಾನೇ ನಿರ್ಣಯ ಮಾಡಿಕೊಂಡಿತ್ತು. ಉಳಿದದ್ದು ಸಿಡಿಯು, ಬಿಎಸ್‌ಡಬ್ಲ್ಯೂ, ಎಸ್‌ಪಿಡಿ: ಒಟ್ಟು 44, ಸರಿಯಾಗಿ ಅರ್ಧ. ಕಪ್ಪು, ನೇರಳೆ, ಕೆಂಪು ಎಂಬ ಪಕ್ಷಬಣ್ಣಗಳಿಂದಾಗಿ ಪತ್ರಿಕೆಗಳು ಇದಕ್ಕೆ ಬ್ಲ್ಯಾಕ್‌ಬೆರಿ ಹಣ್ಣಿನ ಹೆಸರಿಟ್ಟವು. ಮೈತ್ರಿಗಳನ್ನು ಬಣ್ಣದಿಂದ ಕರೆಯುವುದು ಜರ್ಮನರ ಹಳೆಯ ಚಟ.

ಮಾತುಕತೆಯಲ್ಲಿ ಹೆಚ್ಚು ಕಾಲ ತಿಂದದ್ದು ರಾಜ್ಯದ ಅಧಿಕಾರವ್ಯಾಪ್ತಿಗೇ ಸೇರದ ವಿಷಯವೆಂಬುದು ನನಗೆ ಇಂದಿಗೂ ಸೋಜಿಗ. ಉಕ್ರೇನ್ ಯುದ್ಧ ಮತ್ತು ಜರ್ಮನಿಯಲ್ಲಿ ಅಮೆರಿಕದ ಕ್ಷಿಪಣಿಗಳ ನಿಯೋಜನೆಯ ಬಗ್ಗೆ ಒಪ್ಪಂದದಲ್ಲಿ ನಿಲುವು ದಾಖಲಾಗಬೇಕೆಂದು ವಾಗನ್‌ಕ್ನೆಕ್ಟ್ ಪಟ್ಟು ಹಿಡಿದರು. ಪಕ್ಷಗಳ ಭಿನ್ನಾಭಿಪ್ರಾಯವನ್ನು ಪೀಠಿಕೆಯಲ್ಲಿಯೇ ಒಪ್ಪಿಕೊಳ್ಳುವ ಮೂಲಕ ಕಗ್ಗಂಟು ಬಿಡಿಸಲಾಯಿತು. ಈ ಹೊಂದಾಣಿಕೆಯನ್ನು ಸಾಧಿಸಿದ ಬಿಎಸ್‌ಡಬ್ಲ್ಯೂದ ರಾಜ್ಯ ನಾಯಕಿ ಕಾಟ್ಯಾ ವೋಲ್ಫ್, ಐಸೆನಾಖ್ ನಗರದ ಮಾಜಿ ಮೇಯರ್, ಮುಂದೆ ಹಣಕಾಸು ಸಚಿವೆಯಾದರು.

ಇಷ್ಟಾದರೂ ನಿಜವಾದ ಅಪಾಯವಿದ್ದದ್ದು ರಾಜ್ಯ ಸಂವಿಧಾನದ 70ನೆಯ ವಿಧಿಯಲ್ಲಿ. ಮೊದಲೆರಡು ಸುತ್ತುಗಳಲ್ಲಿ ಗೆಲ್ಲಲು ಒಟ್ಟು ಸದಸ್ಯರ ಬಹುಮತ, ಎಂದರೆ 45 ಮತ ಬೇಕು. ಮೂರನೆಯ ಸುತ್ತಿನಲ್ಲಿ ಯಾರಿಗೆ ಹೆಚ್ಚು ಮತ ಬೀಳುತ್ತದೆಯೋ ಅವರೇ ಮುಖ್ಯಮಂತ್ರಿ. 2020ರ ಫೆಬ್ರುವರಿ 5ರಂದು ಇದೇ ಮೂರನೆಯ ಸುತ್ತಿನಲ್ಲಿ ಎಎಫ್‌ಡಿ ಸದಸ್ಯರು ತಮ್ಮದೇ ಅಭ್ಯರ್ಥಿಯನ್ನು ಕೈಬಿಟ್ಟು, ಐದೇ ಸ್ಥಾನಗಳಿದ್ದ, ಉದಾರವಾದಿ ಪಕ್ಷ ಎಫ್‌ಡಿಪಿಯ ಥಾಮಸ್ ಕೆಮರಿಶ್ ಅವರಿಗೆ ಮತ ಹಾಕಿದ್ದರಿಂದ, ಅವರು ರಾಮೆಲೋ ಅವರನ್ನು 45–44ರಿಂದ ಸೋಲಿಸಿ, ದೇಶವ್ಯಾಪಿ ಆಕ್ರೋಶದ ನಡುವೆ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಅದು ಮರುಕಳಿಸದಿರಲೆಂದು ಮೂರು ಪಕ್ಷಗಳು ಎಡಪಕ್ಷದೊಡನೆ ಮೈತ್ರಿಯಲ್ಲದ ಒಂದು ಸಮಾಲೋಚನಾ ಒಡಂಬಡಿಕೆ ಮಾಡಿಕೊಂಡವು. ಡಿಸೆಂಬರ್ 12ರಂದು ಫೋಗ್ಟ್ ಮೊದಲ ಸುತ್ತಿನಲ್ಲಿಯೇ 51 ಮತ ಪಡೆದರು. ಮತದಾನ ಗುಪ್ತವಾದರೂ, ಕನಿಷ್ಠ ಏಳು ಮತ ಮೈತ್ರಿಕೂಟದ ಹೊರಗಿನಿಂದ ಬಂದವೆಂಬುದು ಕೂಡಿ ಕಳೆದರೆ ತಿಳಿಯುತ್ತದೆ.

ಇನ್ನು ಸರ್ಕಾರ ನಿಲ್ಲುವ ಬಗೆ. ಮುಖ್ಯಮಂತ್ರಿಯನ್ನು ಇಳಿಸಬೇಕೆಂದರೆ ಅವಿಶ್ವಾಸ ಸೂಚಿಸಿದರೆ ಸಾಲದು, ಅದೇ ಮತದಾನದಲ್ಲಿ ಉತ್ತರಾಧಿಕಾರಿಯನ್ನು 45 ಮತಗಳಿಂದ ಆರಿಸಬೇಕು. ಎಎಫ್‌ಡಿ ಮತ್ತು ಎಡಪಕ್ಷ ಒಬ್ಬರ ಹೆಸರಿಗೆ ಒಟ್ಟಾಗುವುದು ಊಹೆಗೂ ನಿಲುಕದು. ಒಟ್ಟಾದರೂ ಅವರದು 44 ಮಾತ್ರ. ಆದರೆ ಪ್ರತಿಯೊಂದು ಮಸೂದೆಗೂ, ಆಯವ್ಯಯಕ್ಕೂ ಎಡಪಕ್ಷದ ಬಾಗಿಲು ತಟ್ಟದೆ ದಾರಿಯಿಲ್ಲ. ಬೇಸತ್ತು ಸಭೆಯನ್ನು ತಾವೇ ವಿಸರ್ಜಿಸೋಣವೆಂದರೆ ಅದಕ್ಕೆ ಮೂರನೆಯ ಎರಡರಷ್ಟು, ಎಂದರೆ 59 ಮತ ಬೇಕು. ಎಎಫ್‌ಡಿಯನ್ನು ಬಿಟ್ಟು ಉಳಿದವರೆಲ್ಲರೂ ಕೈಯೆತ್ತಿದರೂ ಆಗುವುದು 56.