ಸ್ಟುಟ್‌ಗಾರ್ಟ್‌ಗೆ ಹೊರಟಿರುವ ತಮ್ಮನಿಗೆ

ತಮ್ಮಾ, ನಿಮ್ಮ ಪತ್ರ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಬ್ಲೂ ಕಾರ್ಡ್‌ಗೆ, ಅಂದರೆ ಓದಿ ಕೆಲಸಕ್ಕೆ ಬರುವ ವಿದೇಶಿಯರಿಗೆ ಕೊಡುವ ನಿವಾಸ ಪರವಾನಗಿಗೆ, ಅರ್ಜಿ ಹಾಕಿದ್ದೀರಿ, ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರಾಗಿರುವ ಹೆಂಡತಿ ಮತ್ತು ಮೂರು ವರ್ಷದ ಮಗಳು ಜೊತೆಗೆ ಬರುತ್ತಾರೆ ಎಂದು ಬರೆದಿದ್ದೀರಿ. ಆಫೀಸಲ್ಲೆಲ್ಲ ಇಂಗ್ಲಿಷೇ ಇರುವಾಗ ಜರ್ಮನ್ ಕಲಿಯಬೇಕಾ, ಮನೆ ಸಿಗುತ್ತದಾ, ದುಡ್ಡು ಉಳಿಯುತ್ತದಾ, ಒಂಟಿತನ ಕಾಡುತ್ತದಾ, ನಾಲ್ಕೈದು ವರ್ಷಕ್ಕೆ ವಾಪಸ್ ಬರಬಹುದಾ ಎಂದು ಕೇಳಿದ್ದೀರಿ. ಹೆಂಡತಿಯ ಬಗ್ಗೆ ಮಾತ್ರ ಒಂದೇ ಸಾಲು: "ಅವಳು ಅಲ್ಲಿಗೆ ಬಂದ ಮೇಲೆ ಏನಾದರೂ ನೋಡಿಕೊಳ್ಳುತ್ತಾಳೆ."

ಅಕ್ಕಾ ಎಂದು ಕರೆದಿದ್ದೀರಲ್ಲ, ಆ ಸಲುಗೆಯಲ್ಲಿ ಹೇಳುತ್ತೇನೆ. ನಿಮ್ಮ ಸಂಸಾರ ಇಲ್ಲಿ ಬೇರು ಬಿಡುತ್ತದೋ ಇಲ್ಲವೋ ಎನ್ನುವುದು ಆ ಒಂದು ಸಾಲಿನ ಮೇಲೆ ನಿಂತಿದೆ. ನಿಮಗೆ ಬಂದ ವಾರದಲ್ಲೇ ಕೂರಲು ಜಾಗ, ಮಾಡಲು ಕೆಲಸ, ಮಧ್ಯಾಹ್ನ ಜೊತೆಯಲ್ಲಿ ಊಟ ಮಾಡಲು ನಾಲ್ಕು ಜನ ಸಿಗುತ್ತಾರೆ. ಆಕೆಗೆ ಸಿಗುವುದು ಖಾಲಿ ಮನೆ, ಓದಲು ಬಾರದ ಕಾಗದಗಳು ಮತ್ತು ಭಾಷೆ ಅರ್ಥವಾಗದೆ ಅಳುವ ಮಗು. ಹುಬ್ಬಳ್ಳಿಯಲ್ಲಿ ಯಾರನ್ನು ಕಂಡರೆ ಜನ ಡಾಕ್ಟರೇ ಎಂದು ಎದ್ದು ನಿಲ್ಲುತ್ತಿದ್ದರೋ ಅವರನ್ನು ಇಲ್ಲಿ ಇಂಥವರ ಹೆಂಡತಿ ಎಂದಷ್ಟೇ ಗುರುತಿಸುತ್ತಾರೆ. ಈ ಊರಿನಿಂದ ವಾಪಸ್ ಹೋದ ಕನ್ನಡದ ಕುಟುಂಬಗಳನ್ನು ಸಾಕಷ್ಟು ನೋಡಿದ್ದೇನೆ. ಗಂಡನ ಕೆಲಸ ಸರಿಯಿಲ್ಲದೆ ಹೋದವರು ಕಡಿಮೆ. ಮನೆಯಲ್ಲಿ ಕೂತು ಕೂತು ಕುಗ್ಗಿದ ಹೆಂಗಸಿನ ಮುಖ ನೋಡಲಾರದೆ ಹೊರಟವರೇ ಹೆಚ್ಚು.

ನಾನೂ ಗಂಡನ ಹಿಂದೆ ಬಂದವಳೇ. ಸಾಗರದ ಕಡೆಯವಳು, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೆ. ಇಲ್ಲಿ ಶಾಲೆಯ ಮೇಷ್ಟ್ರಾಗಲು ಎರಡು ವಿಷಯಗಳಲ್ಲಿ ಓದಿರಬೇಕು, ನನ್ನ ಹತ್ತಿರ ಒಂದೇ ವಿಷಯದ ಪದವಿ ಇತ್ತು. ಅದನ್ನು ತಿಳಿದ ದಿನ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ. ಆಮೇಲೆ ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿರುವ ಫೋಲ್ಕ್ಸ್‌ಹೋಖ್‌ಶೂಲೆಗೆ, ಅಂದರೆ ಊರಿನ ವಯಸ್ಕರ ಶಿಕ್ಷಣ ಕೇಂದ್ರಕ್ಕೆ, ಭಾಷೆ ಕಲಿಯಲು ಹೋದೆ. ನನ್ನ ಬೆಂಚಿನಲ್ಲಿ ಸಿರಿಯಾದ ಒಬ್ಬ ಔಷಧಿ ಅಂಗಡಿಯವರು, ಬ್ರೆಜಿಲ್‌ನ ನರ್ಸ್, ಉಕ್ರೇನ್‌ನ ಲೆಕ್ಕಪತ್ರದ ಹೆಂಗಸು. ಎಲ್ಲರೂ ಅವರವರ ದೇಶದಲ್ಲಿ ಏನೋ ಆಗಿದ್ದವರೇ. ಇಲ್ಲಿ ಭಾಷೆಯ ಮಟ್ಟಗಳನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಎಣಿಸುತ್ತಾರೆ, ಎ1 ಆರಂಭದ್ದು. ಬಿ2 ಪರೀಕ್ಷೆ ಮುಗಿಸಿ ಬಾಲವಾಡಿ ಶಿಕ್ಷಕರ ಮೂರು ವರ್ಷದ ತರಬೇತಿಗೆ ಸೇರಿದೆ. ವಾರದಲ್ಲಿ ಕೆಲವು ದಿನ ಪಾಠ, ಉಳಿದ ದಿನ ಮಕ್ಕಳ ಜೊತೆ ಕೆಲಸ, ಮೊದಲ ತಿಂಗಳಿನಿಂದಲೇ ಸಂಬಳ. ಪಿಯಾ ಎಂದು ಕರೆಯುವ ಈ ಪದ್ಧತಿ 2012ರಲ್ಲಿ ನಮ್ಮ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲೇ ಶುರುವಾದದ್ದು. ಈಗ ಎಸ್ಲಿಂಗೆನ್‌ನ ಒಂದು ಕೀಟಾದಲ್ಲಿ ಕೆಲಸ ಮಾಡುತ್ತೇನೆ. ಬಾಲವಾಡಿಯನ್ನು ಇಲ್ಲಿ ಕೀಟಾ ಎನ್ನುತ್ತಾರೆ. ಫಿಸಿಕ್ಸ್ ಬಿಟ್ಟದ್ದಕ್ಕೆ ಬೇಸರ ಇದೆ, ಈ ಕೆಲಸದ ಮೇಲೆ ಪ್ರೀತಿಯೂ ಇದೆ. ಎರಡೂ ನಿಜ.

ನಿಮ್ಮ ಹೆಂಡತಿಯ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ: ಅವರ ವಿದ್ಯೆ ಇಲ್ಲಿ ವ್ಯರ್ಥವಾಗಬೇಕಿಲ್ಲ. ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ವೀಸಾ ಪಡೆಯಲು ಜರ್ಮನ್ ಪರೀಕ್ಷೆ ಬೇಡ, ಬಂದ ಮೇಲೆ ಕೆಲಸ ಮಾಡಲು ಪೂರ್ತಿ ಅನುಮತಿಯೂ ಇರುತ್ತದೆ. ಆದರೆ ಬಿಡಿಎಸ್ ಸರ್ಟಿಫಿಕೇಟ್ ತೋರಿಸಿದ ಕೂಡಲೇ ಹಲ್ಲು ಕೀಳಲು ಬಿಡುವುದಿಲ್ಲ. ಅಪ್ರೋಬಾತ್ಸಿಯೋನ್ ಎನ್ನುವ ವೈದ್ಯಕೀಯ ಪರವಾನಗಿ ಬೇಕು, ನಮ್ಮ ಭಾಗಕ್ಕೆ ಅದನ್ನು ನೋಡಿಕೊಳ್ಳುವುದು ಸ್ಟುಟ್‌ಗಾರ್ಟ್‌ನ ಪ್ರಾಂತ್ಯಾಡಳಿತ ಕಚೇರಿ. ಮೊದಲು ಬಿ2 ಮಟ್ಟದ ಜರ್ಮನ್. ನಂತರ ದಂತವೈದ್ಯರ ಮಂಡಳಿ ನಡೆಸುವ ವೃತ್ತಿಭಾಷೆಯ ಪರೀಕ್ಷೆ, ಅದು ಸಿ1 ಮಟ್ಟದ್ದು: ರೋಗಿಯ ಜೊತೆ ಮಾತಾಡಬೇಕು, ಕೇಳಿದ್ದನ್ನು ಬರೆದು ಕೊಡಬೇಕು, ಇನ್ನೊಬ್ಬ ಡಾಕ್ಟರಿಗೆ ವಿವರಿಸಬೇಕು. ಆಮೇಲೆ ನಮ್ಮ ಓದು ಇಲ್ಲಿಯ ಓದಿಗೆ ಸಮವೇ ಎಂದು ಕಡತ ನೋಡುತ್ತಾರೆ. ಸಮವಲ್ಲ ಎಂದರೆ ಕೆಂಟ್‌ನಿಸ್‌ಪ್ರೂಫುಂಗ್ ಎಂಬ ಜ್ಞಾನಪರೀಕ್ಷೆ. ಈ ಮಧ್ಯೆ ತಾತ್ಕಾಲಿಕ ಅನುಮತಿ ಪಡೆದು ಬೇರೆ ಡಾಕ್ಟರ ಕೈಕೆಳಗೆ ಕೆಲಸ ಮಾಡಬಹುದು. ಎಲ್ಲಾ ಸೇರಿ ಮೂರು ವರ್ಷ ಹಿಡಿದರೂ ಗಾಬರಿಯಾಗಬೇಡಿ.

ಅದಕ್ಕೇ ಹೇಳುತ್ತೇನೆ, ಅವರ ಕಡತ ಊರಲ್ಲಿರುವಾಗಲೇ ತಯಾರಾಗಬೇಕು. ಎಲ್ಲಾ ವರ್ಷದ ಅಂಕಪಟ್ಟಿ, ಇಂಟರ್ನ್‌ಶಿಪ್ ಪತ್ರ, ಯಾವ ವಿಷಯ ಎಷ್ಟು ಗಂಟೆ ಓದಿದರು ಎಂದು ಕಾಲೇಜು ಕೊಡುವ ವಿವರ, ದಂತ ಪರಿಷತ್ತಿನ ನೋಂದಣಿ ಮತ್ತು ಅವರ ಮೇಲೆ ಯಾವ ದೂರೂ ಇಲ್ಲವೆಂಬ ಪತ್ರ. ಇಲ್ಲಿ ಕೂತು ಕಾಲೇಜಿನ ಗುಮಾಸ್ತರಿಗೆ ಫೋನ್ ಮಾಡಿ ಸಿಲಬಸ್ ತರಿಸುವುದು ಎಷ್ಟು ಕಷ್ಟ ಎಂದು ಹೇಳಲಾರೆ. ಹೊರಡುವ ಮೊದಲು ಅವರು ಎ1, ಎ2 ಮುಗಿಸಿಕೊಂಡರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಅದರ ಆನ್‌ಲೈನ್ ತರಗತಿಗಳನ್ನು ಹುಬ್ಬಳ್ಳಿಯಲ್ಲೇ ಕೂತು ಮಾಡಬಹುದು.

ನೀವೂ ಕಲಿಯಲೇಬೇಕು. ಬ್ಲೂ ಕಾರ್ಡ್‌ನವರಿಗೆ ಬಿ1 ಇದ್ದರೆ 21 ತಿಂಗಳಿಗೆ ಕಾಯಂ ನಿವಾಸ, ಎ1 ಮಾತ್ರ ಇದ್ದರೆ 27 ತಿಂಗಳಿಗೆ. ಕಾಗದದ ಲಾಭ ಅಷ್ಟು. ಅದಕ್ಕಿಂತ ದೊಡ್ಡ ಕಾರಣ, ಇಲ್ಲಿಯ ಕಾರು ಕಂಪನಿಗಳು ಈಗ ಜನರನ್ನು ಕಡಿಮೆ ಮಾಡುತ್ತಿವೆ. ಇಂಗ್ಲಿಷ್ ಮಾತ್ರ ಗೊತ್ತಿರುವ ಎಂಜಿನಿಯರ್‌ಗೆ ಈ ಊರಿನಲ್ಲಿ ಎರಡನೇ ಕೆಲಸ ಹುಡುಕುವುದು ಮೊದಲನೆಯದಕ್ಕಿಂತ ಬಹಳ ಕಷ್ಟ. ನಿಮ್ಮ ಧಾರವಾಡದಲ್ಲಿ ಯಾರ ಹೆಸರಿನ ಕಾಲೇಜಿದೆಯೋ ಆ ಕಿಟೆಲ್ ಕೊನೆಗಾಲ ಕಳೆದದ್ದು ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ದೂರದ ಟ್ಯೂಬಿಂಗೆನ್‌ನಲ್ಲಿ. 1894ರ ಆ ನಿಘಂಟಿನ ಮನುಷ್ಯ ತೀರಿಕೊಂಡದ್ದು 1903ರಲ್ಲಿ, ಅದೇ ಊರಿನಲ್ಲಿ. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಮೊಗ್ಲಿಂಗ್ ಕಣ್ಣು ಮುಚ್ಚಿದ್ದು ನಾನು ದಿನಾ ಕೆಲಸಕ್ಕೆ ಹೋಗುವ ಎಸ್ಲಿಂಗೆನ್‌ನಲ್ಲೇ. ಅವರು ನಮ್ಮ ನಾಡಿಗೆ ಬಂದದ್ದು ಮತಪ್ರಚಾರಕ್ಕೆ, ಸರಿ. ಆದರೂ ನೆಕಾರ್ ನದಿಯ ದಂಡೆಯಲ್ಲಿ ನಡೆಯುವಾಗ, ಈ ದೇಶದಿಂದ ಹೋದವರು ನಮ್ಮ ಭಾಷೆಗೆ ಅಷ್ಟು ದುಡಿದಿದ್ದಾರೆ, ನಾನು ಇವರ ಭಾಷೆಯಲ್ಲಿ ನೆಟ್ಟಗೆ ನಾಲ್ಕು ಮಾತಾಡದಿದ್ದರೆ ಹೇಗೆ ಅನ್ನಿಸುತ್ತಿತ್ತು. ಆ ಯೋಚನೆ ನನಗೆ ನಿಜವಾಗಿಯೂ ಬಲ ಕೊಟ್ಟಿದೆ.

ಮನೆಯ ವಿಷಯ. ಕಷ್ಟ ಇದೆ, ಮುಚ್ಚಿಡುವುದಿಲ್ಲ. ಮೊದಲ ಎರಡು ಮೂರು ತಿಂಗಳಿಗೆ ಸಾಮಾನು ಸಮೇತ ಇರುವ ಮನೆಯನ್ನು ಕಂಪನಿಯಿಂದಲೇ ಕೇಳಿ ಪಡೆಯಿರಿ, ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿ. ಆ ಮನೆಯಲ್ಲಿ ವಿಳಾಸ ನೋಂದಣಿಗೆ ಮಾಲೀಕರು ಪತ್ರ ಕೊಡುತ್ತಾರಾ ಎಂದು ಖಚಿತ ಮಾಡಿಕೊಳ್ಳಿ. ಮನೆಗೆ ಬಂದ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕು. ತೆರಿಗೆ ನಂಬರ್, ಮಗುವಿನ ಭತ್ಯೆ, ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಅಡ್ವಾನ್ಸ್ ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದಲ್ಲ, ಕಾನೂನಿನ ಪ್ರಕಾರ ಹೆಚ್ಚೆಂದರೆ ಮೂರು ತಿಂಗಳ ಮೂಲ ಬಾಡಿಗೆ, ಮೂರು ಕಂತಿನಲ್ಲಿ ಕೊಡಬಹುದು. ಎಷ್ಟೋ ಮನೆಗಳಲ್ಲಿ ಅಡುಗೆಕಟ್ಟೆ, ಸಿಂಕ್, ಒಲೆ ಏನೂ ಇರುವುದಿಲ್ಲ, ಮೇಲೆ ಬಲ್ಬಿನ ಜಾಗದಲ್ಲಿ ಎರಡು ವೈರ್ ತೂಗುತ್ತಿರುತ್ತವೆ. ಮನೆ ನೋಡುವಾಗಲೇ ಹಳಬರ ಅಡುಗೆಕಟ್ಟೆಯನ್ನು ಕೊಂಡುಕೊಳ್ಳುವ ಮಾತಾಡಿ.

ಇಲ್ಲಿಯ ಜನ ಮಾತಾಡಿಸುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅನುಭವ ಬೇರೆ. ಈ ಶ್ವಾಬಿಯ ನಾಡಿನಲ್ಲಿ ಕೇರ್‌ವೋಖೆ ಎಂಬ ಪದ್ಧತಿ ಇದೆ. ಕಟ್ಟಡದ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸುವ ಪಾಳಿ ವಾರಕ್ಕೊಂದು ಮನೆಯದು. ನಿಮ್ಮ ವಾರ ಬಂದಾಗ ಬಾಗಿಲ ಹಿಡಿಗೆ ಒಂದು ಪುಟ್ಟ ಹಲಗೆ ನೇತು ಹಾಕಿ ಹೋಗುತ್ತಾರೆ. ಹಿಮ ಬಿದ್ದರೆ ಬೆಳಿಗ್ಗೆ ಜನ ಓಡಾಡುವ ಮೊದಲೇ ಸಲಿಕೆ ಹಿಡಿದು ದಾರಿ ಬಿಡಿಸಬೇಕು. ಕೆಲವು ಭಾರತೀಯರು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲ ಚಳಿಗಾಲದಲ್ಲಿ ನಾನು ಹಿಮ ಎತ್ತುತ್ತಿದ್ದಾಗ ಕೆಳಗಿನ ಮನೆಯ ವಯಸ್ಸಾದ ಹೆಂಗಸು ಬಾಗಿಲು ತೆಗೆದು ಬಂದು, ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು, ಹಿಮವನ್ನು ಎತ್ತದೆ ನೂಕುವುದು ಹೇಗೆ ಎಂದು ತೋರಿಸಿಕೊಟ್ಟರು. ಆಮೇಲೆ ಸಣ್ಣ ಕಲ್ಲಿನ ಚೂರುಗಳ ಬಕೆಟ್ ತಂದು, ಜಾರದ ಹಾಗೆ ಮುಷ್ಟಿ ಮುಷ್ಟಿ ಚೆಲ್ಲಿದರು. ಅವತ್ತಿನಿಂದ ನನಗೆ ಈ ಊರಿನಲ್ಲಿ ಒಬ್ಬರು ಹಿರಿಯರು ಸಿಕ್ಕರು. ಮೇಲಿನ ಮನೆಗೆ ನಾನು ಕೋಡುಬಳೆ ಕೊಟ್ಟಾಗಲೂ ಆಗದಿದ್ದ ಪರಿಚಯ ಆ ಅಂಗಳದಲ್ಲಿ ಆಯಿತು. ಜೊತೆಯಲ್ಲಿ ಕೆಲಸ ಮಾಡುವವರನ್ನು ಇವರು ನಂಬುತ್ತಾರೆ, ಒಮ್ಮೆ ನಂಬಿದರೆ ಬಿಡುವುದಿಲ್ಲ.

ಮಗಳ ಬಗ್ಗೆ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಬಾಲವಾಡಿಯಲ್ಲಿ ಜಾಗ ಸಿಗಬೇಕೆಂಬ ಹಕ್ಕು 2013ರಿಂದ ಕಾನೂನಿನಲ್ಲಿದೆ. ಜಾಗ ಮಾತ್ರ ಸಾಕಷ್ಟಿಲ್ಲ, ವಿಳಾಸ ಸಿಕ್ಕ ದಿನವೇ ಅರ್ಜಿ ಹಾಕಿ. ಜಾಗ ಸಿಕ್ಕ ಮೇಲೆ ಮಗುವನ್ನು ಬಾಗಿಲಲ್ಲಿ ಬಿಟ್ಟು ಓಡುವ ಹಾಗಿಲ್ಲ. ಮೊದಲ ಕೆಲವು ದಿನ ಅಪ್ಪ ಅಥವಾ ಅಮ್ಮ ನಮ್ಮ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕೂತಿರಬೇಕು. ಆಮೇಲೆ ಹತ್ತು ನಿಮಿಷ ಹೊರಗೆ ಹೋಗಿ ಬರಬೇಕು, ಅತ್ತರೆ ನಾವು ಸಮಾಧಾನ ಮಾಡುತ್ತೇವೆ, ಸಮಾಧಾನವಾದರೆ ಮರುದಿನ ಅರ್ಧ ಗಂಟೆ. ಹೀಗೆ ಎರಡು ಮೂರು ವಾರ, ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು. ನಮ್ಮ ಕಡೆಯ ಅಪ್ಪಂದಿರು ಆ ಮೂಲೆಯಲ್ಲಿ ಕಾಣುವುದು ಅಪರೂಪ. ನೀವು ಕೂರಿ. ಕಂಪನಿಯಲ್ಲಿ ರಜೆ ಕೇಳಿ, ಇಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಆ ವಾರಗಳಲ್ಲಿ ನಿಮ್ಮ ಹೆಂಡತಿ ಭಾಷೆಯ ತರಗತಿಯಲ್ಲಿ ಕೂತಿರಲಿ. ಮನೆಯಲ್ಲಿ ಮಗುವಿನ ಜೊತೆ ಕನ್ನಡವನ್ನೇ ಆಡಿ. ಜರ್ಮನ್ ಕಲಿಸುವುದು ನಮ್ಮ ಕೆಲಸ, ಮನೆಭಾಷೆ ಗಟ್ಟಿಯಾಗಿರುವ ಮಕ್ಕಳು ಅದನ್ನು ಚೆನ್ನಾಗಿಯೇ ಕಲಿಯುತ್ತಾರೆ, ನಾನು ದಿನಾ ನೋಡುತ್ತೇನೆ.

ದುಡ್ಡಿನ ಲೆಕ್ಕ ಹೆಚ್ಚು ಬರೆಯುವುದಿಲ್ಲ. ಒಂದೇ ಸಂಬಳದಲ್ಲಿ ಮೂವರ ಜೀವನ ನಡೆಯುತ್ತದೆ, ದೊಡ್ಡ ಉಳಿತಾಯ ಆಗುವುದಿಲ್ಲ. ಆರೋಗ್ಯ ವಿಮೆಯಲ್ಲಿ ಜಾಗ್ರತೆ: ಸಂಬಳ ಒಂದು ಮಿತಿ ದಾಟಿದರೆ, 2025ರಲ್ಲಿ ಅದು ವರ್ಷಕ್ಕೆ 73,800 ಯೂರೋ ಇತ್ತು, ಖಾಸಗಿ ವಿಮೆಯ ಏಜೆಂಟರು ಕಡಿಮೆ ಕಂತು ತೋರಿಸಿ ಕರೆಯುತ್ತಾರೆ. ಸರ್ಕಾರಿ ವ್ಯವಸ್ಥೆಯ ವಿಮೆಯಲ್ಲಿ ದುಡಿಮೆ ಇಲ್ಲದ ಹೆಂಡತಿ, ಮಗು ಇಬ್ಬರೂ ನಿಮ್ಮ ಕಂತಿನಲ್ಲೇ ಸೇರುತ್ತಾರೆ. ಖಾಸಗಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಕಟ್ಟಬೇಕು, ಮತ್ತೆ ಹಿಂದಕ್ಕೆ ಬರುವುದೂ ಸುಲಭವಲ್ಲ. ಮಗುವಿಗೆ ಸರ್ಕಾರದ ಭತ್ಯೆ 2026ರಿಂದ ತಿಂಗಳಿಗೆ 259 ಯೂರೋ, ಅರ್ಜಿ ಹಾಕಿದರೆ ಮಾತ್ರ. ನಮ್ಮ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡರಲ್ಲೂ ಪಾಸಾಗಬೇಕು.

ಒಂಟಿತನ ಬರುತ್ತದೆ. ಡಿಸೆಂಬರ್‌ನಲ್ಲಿ ಬೆಳಕು ಹರಿಯುವುದು ಎಂಟು ಗಂಟೆಗೆ, ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿ ಆಯಿತು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಆ ದಿನಗಳಲ್ಲಿ ಮನೆಯಲ್ಲಿ ಕೂತರೆ ಮನಸ್ಸು ಕೆಡುತ್ತದೆ, ಮಳೆಯಿದ್ದರೂ ಮಧ್ಯಾಹ್ನ ಒಂದು ಗಂಟೆ ಹೊರಗೆ ನಡೆಯಲೇಬೇಕು. ಊರೊಳಗೇ ದ್ರಾಕ್ಷಿ ತೋಟದ ಗುಡ್ಡಗಳಿವೆ, ಹತ್ತಲು ನೂರಾರು ಮೆಟ್ಟಿಲುಗಳಿವೆ. ಕನ್ನಡದವರು ರಾಜ್ಯೋತ್ಸವ, ದೀಪಾವಳಿಗೆ ಸೇರುತ್ತೇವೆ, ಖಂಡಿತ ಬನ್ನಿ, ಜೋಳದ ರೊಟ್ಟಿ ತಟ್ಟುವವರೂ ಇದ್ದಾರೆ. ಆದರೆ ವಾರಾಂತ್ಯವೆಲ್ಲ ನಮ್ಮನಮ್ಮವರ ಮನೆಯಲ್ಲೇ ಕಳೆಯಬೇಡಿ. ಬಡಾವಣೆಯ ಕ್ರೀಡಾ ಸಂಘಕ್ಕೋ, ಹಾಡಿನ ಗುಂಪಿಗೋ ಇಬ್ಬರೂ ಬೇರೆ ಬೇರೆಯಾಗಿ ಸೇರಿ. ಹೆಂಡತಿಗೆ ನಿಮ್ಮ ಮೂಲಕ ಬಂದಿಲ್ಲದ, ಅವರದೇ ಆದ ಗೆಳತಿಯರು ಬೇಕು.

ವಾಪಸ್ ಹೋಗುವ ಪ್ರಶ್ನೆಗೆ ಈಗಲೇ ಉತ್ತರ ಹುಡುಕಬೇಡಿ. ನಾಲ್ಕು ವರ್ಷಕ್ಕೆ ಹೋಗುವವರು ಎಂದುಕೊಂಡರೆ ಭಾಷೆಯನ್ನೂ ಕಲಿಯುವುದಿಲ್ಲ, ಪರೀಕ್ಷೆಗೂ ಕೂರುವುದಿಲ್ಲ, ಆ ನಾಲ್ಕು ವರ್ಷ ಹೆಂಡತಿಯ ಬದುಕಿನಿಂದ ಹೋಗುತ್ತದೆ. ಐದು ವರ್ಷಕ್ಕೆ ಇಲ್ಲಿಯ ಪೌರತ್ವ ಕೇಳಬಹುದು. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ, ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ. ನಾನು ಇನ್ನೂ ಒಪ್ಪಿಸಿಲ್ಲ. ಊರಲ್ಲಿ ಅಪ್ಪ ಅಮ್ಮ ಇದ್ದರೆ ಮೂರು ಟಿಕೆಟ್ಟಿನ ದುಡ್ಡನ್ನು ಯಾವತ್ತೂ ಬೇರೆ ಇಟ್ಟಿರಿ, ನಿವಾಸ ಕಾರ್ಡಿನ ಅವಧಿ ಮುಗಿಯಲು ಬಿಡಬೇಡಿ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ಸ್ಟುಟ್‌ಗಾರ್ಟ್‌ನಿಂದ ಅಲ್ಲಿಗೆ ರೈಲಿನಲ್ಲಿ ಒಂದೂವರೆ ಗಂಟೆ. ನನ್ನ ಅಪ್ಪ ಹೋದಾಗ ಅಷ್ಟು ಬೇಗ ಹೊರಟರೂ ಮುಖ ಸಿಗಲಿಲ್ಲ. ಈ ನೋವಿಗೆ ನನ್ನ ಹತ್ತಿರ ಸಲಹೆಯಿಲ್ಲ.

ಈ ಪತ್ರವನ್ನು ನಿಮ್ಮ ಹೆಂಡತಿಗೂ ಓದಲು ಕೊಡಿ. ಅವರಿಗೆ ಇಷ್ಟವಿದ್ದರೆ ಅವರೇ ನನಗೆ ಫೋನ್ ಮಾಡಲಿ, ಭಾರತದ ಸಮಯ ರಾತ್ರಿ ಒಂಬತ್ತರ ನಂತರ ನಾನು ಕೆಲಸ ಮುಗಿಸಿ ಮನೆಯಲ್ಲಿರುತ್ತೇನೆ. ದಾವಣಗೆರೆಯಲ್ಲಿ ಬಿಡಿಎಸ್ ಓದಿ, ಇಲ್ಲಿ ಪರೀಕ್ಷೆ ಮುಗಿಸಿ ಈಗ ಸ್ವಂತ ಹೆಸರಿನಲ್ಲಿ ರೋಗಿಗಳನ್ನು ನೋಡುತ್ತಿರುವ ಗೆಳತಿಯೊಬ್ಬಳಿದ್ದಾಳೆ. ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂದು ಅವಳು ನನಗಿಂತ ಚೆನ್ನಾಗಿ ಹೇಳುತ್ತಾಳೆ. ಮಾತಾಡಿಸುತ್ತೇನೆ ಎಂದು ಅವಳಿಗೆ ಈಗಾಗಲೇ ಹೇಳಿದ್ದೇನೆ.